ಹಳೆ ಕೋವಿಗೆ 70 ಎಂಎಂ ತೋಟೆ ಹಾಕಬಹುದೇ?

ಪ್ರಶ್ನೆ: ನಮ್ಮದು ಎಣ್ಮಕಜೆ ಕಡೆ ಅಡಿಕೆ ತೋಟ. ಪರವಾನಗಿ ಇರುವ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಅಜ್ಜನ ಕಾಲದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಈಗ ಸಿಕ್ಕಿದ್ದು 70 ಎಂಎಂ ತೋಟೆ. ಸಲೀಸಾಗಿ ಒಳಗೆ ಕೂರುತ್ತದೆ, ಕೋವಿಯೂ ಸರಿಯಾಗಿ ಮುಚ್ಚುತ್ತದೆ. ಹಾಗಾದರೆ ಹೊಡೆಯಬಹುದಲ್ಲ?

ಉತ್ತರ: ಚೇಂಬರ್, ಅಂದರೆ ನಳಿಗೆಯ ಹಿಂಭಾಗದಲ್ಲಿ ತೋಟೆ ಕೂರುವ ಗೂಡು, ಅಳೆಯುವ ತನಕ ಬೇಡ. ತೋಟೆ ಒಳಗೆ ಕೂರುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಪೆಟ್ಟಿಗೆಯ ಮೇಲೆ ಅಚ್ಚಾದ 70 ಎಂಎಂ ಎಂಬುದು ನಿಮ್ಮ ಕೈಯಲ್ಲಿರುವ ತೋಟೆಯ ಉದ್ದವಲ್ಲ. ಈಡು ಹಾರಿ, ಮಡಚಿದ ಬಾಯಿ ಪೂರ್ತಿ ಬಿಚ್ಚಿಕೊಂಡ ಮೇಲೆ ಖಾಲಿ ಕೊಳವೆ ಎಷ್ಟು ಉದ್ದವಿರುತ್ತದೋ ಅದು. ಬಾಯಿಯನ್ನು ನಕ್ಷತ್ರದಂತೆ ಆರೋ ಎಂಟೋ ಮಡಿಕೆ ಹಾಕಿ ಮುಚ್ಚಲು 11-12 ಮಿಲಿಮೀಟರ್ ಬೇಕು. ಹಳೇ ಕ್ರಮದಲ್ಲಿ ಮೇಲೆ ರಟ್ಟಿನ ಬಿಲ್ಲೆ ಇಟ್ಟು ಅಂಚು ಸುರುಳಿ ಸುತ್ತಲು ಸುಮಾರು 6 ಸಾಕು. ಹಾಗಾಗಿ ಸುರುಳಿ ಅಂಚಿನ 65 ಎಂಎಂ ತೋಟೆಯನ್ನೂ ನಕ್ಷತ್ರ ಮಡಿಕೆಯ 70 ಎಂಎಂ ತೋಟೆಯನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಎರಡೂ 58-59 ಮಿಲಿಮೀಟರಿನ ಆಸುಪಾಸು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕೋವಿಗೂ ಮುಚ್ಚುವಾಗ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಕುದುರೆ ಎಳೆದ ಮೇಲೆ. ಹನ್ನೆರಡು ಬೋರಿನ ಚೇಂಬರ್ ಮುಂದಿನ ತುದಿಯಲ್ಲಿ ಸುಮಾರು 20.3 ಮಿಲಿಮೀಟರ್ ಅಗಲ, ನಳಿಗೆಯ ಒಳಗಾತ್ರ ಸುಮಾರು 18.5. ಇವೆರಡರ ನಡುವೆ ಲಾಳಿಕೆಯಂತೆ ಕಿರಿದಾಗುತ್ತ ಹೋಗುವ ಭಾಗಕ್ಕೆ ಕೋನ್ ಎನ್ನುತ್ತಾರೆ. 65ರ ಚೇಂಬರಿನಲ್ಲಿ 70ರ ತೋಟೆ ಹೊಡೆದರೆ ಬಿಚ್ಚಿಕೊಂಡ ಬಾಯಿಯ ಕೊನೆಯ 5 ಮಿಲಿಮೀಟರ್ ಈ ಕೋನಿನ ಒಳಕ್ಕೆ ಚಾಚುತ್ತದೆ. ಪ್ಲಾಸ್ಟಿಕ್ ಗೋಡೆಯ ದಪ್ಪ ಎರಡೂ ಬದಿ ಸೇರಿದರೆ ಅಲ್ಲಿ ನಳಿಗೆಗಿಂತಲೂ ಇಕ್ಕಟ್ಟಾದ ಕೊರಳು ಉಂಟಾಗುತ್ತದೆ. ಚರೆಯೂ ವಾಡೂ (ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ) ಅದರಲ್ಲೇ ತೂರಿಕೊಂಡು ಹೋಗಬೇಕು. ಅಷ್ಟು ಹೊತ್ತು ಹಿಂದೆ ಮದ್ದಿನ ಒತ್ತಡ ಏರುತ್ತಿರುತ್ತದೆ. ಸಾಲದ್ದಕ್ಕೆ 70ರ ತೋಟೆಗಳಲ್ಲಿ ಚರೆಯ ತೂಕವೂ ಹೆಚ್ಚಿರುವುದುಂಟು. ಹಳೆ 65ರ ಇಂಗ್ಲಿಷ್ ಕೋವಿಗಳ ಮಾಮೂಲಿ ಈಡು ಸುಮಾರು 30 ಗ್ರಾಮಿನದು. 36 ಗ್ರಾಮಿನ ತೋಟೆ ಅವುಗಳಿಗೆಂದು ಮಾಡಿದ್ದಲ್ಲ.

ಒಂದೇ ಈಡಿಗೆ ನಳಿಗೆ ಸೀಳುವುದು ಅಪರೂಪ. ತೊಂದರೆ ಇರುವುದೂ ಅಲ್ಲಿಯೇ: ನಾಲ್ಕು ಸಲ ಏನೂ ಆಗಲಿಲ್ಲ ಎಂದು ಧೈರ್ಯ ಬರುತ್ತದೆ, ಅಷ್ಟರಲ್ಲಿ ಕೀಲು ಸಡಿಲವಾಗಿರುತ್ತದೆ. ಹೊಡೆದ ಕೊಳವೆಯ ಬಾಯಿ ನೋಡಿ. ಅಂಚು ಹರಿದು ಎಳೆ ಎಳೆಯಾಗಿದ್ದರೆ, ತೆಳ್ಳಗೆ ಹಿಗ್ಗಿ ಹೊಳೆಯುತ್ತಿದ್ದರೆ, ಅದು ಕೋನಿಗೆ ಸಿಕ್ಕಿಕೊಂಡಿದೆ. ಹೆಗಲಿಗೆ ಎಂದಿಗಿಂತ ಜೋರಾಗಿ ಒದೆಯುವುದೂ ಅದರದ್ದೇ ಲಕ್ಷಣ.

ಈಗ ಅಳತೆ. ಮೊದಲು ಎರಡೂ ನಳಿಗೆ ಖಾಲಿ ಇವೆಯೆಂದು ಕಣ್ಣಲ್ಲೇ ನೋಡಿ, ಮರದ ಹಿಡಿಯಿಂದ ನಳಿಗೆ ಬೇರ್ಪಡಿಸಿ. ಹಿಂಭಾಗದ ಅಡಿಯಲ್ಲಿ, ಮುಚ್ಚಿದಾಗ ಒಳಗೆ ಅಡಗುವ ಚಪ್ಪಟೆ ಜಾಗದಲ್ಲಿ, ಪ್ರೂಫ್ ಮುದ್ರೆಗಳು, ಅಂದರೆ ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತುಗಳು, ಇರುತ್ತವೆ. 2½ ಎಂದಿದ್ದರೆ ಚೇಂಬರ್ 65, 2¾ ಎಂದಿದ್ದರೆ 70, 3 ಎಂದಿದ್ದರೆ 76. ಯುರೋಪಿನ ಬೇರೆ ದೇಶದ ಕೋವಿಗಳಲ್ಲಿ 12/65, 12/70 ಎಂದೇ ಇರುವುದುಂಟು. ಇಂಗ್ಲೆಂಡಿನಲ್ಲಿ 1925ಕ್ಕಿಂತ ಮೊದಲು ಪ್ರೂಫ್ ಆದ ಕೋವಿಯಲ್ಲಿ ಉದ್ದದ ಮುದ್ರೆ ಸಿಗದಿರಬಹುದು. ಮುದ್ರೆ ಇಲ್ಲವೆಂದು 70 ಎಂದುಕೊಳ್ಳಬಾರದು. ಆ ಕಾಲದವು ಹೆಚ್ಚಿನವು 65.

ಮುದ್ರೆ ಇದ್ದರೂ ಅಳೆದು ನೋಡುವುದು ಒಳ್ಳೆಯದು, ನಡುವೆ ಯಾರೋ ಚೇಂಬರ್ ಕೊರೆಸಿರಬಹುದು. ಇಲ್ಲೇ ಬಹಳ ಜನ ಎಡವುವುದು. ಉಕ್ಕಿನ ಸ್ಕೇಲನ್ನು ಹಿಂದಿನಿಂದ ತೂರಿಸಿ, ತಡೆದಲ್ಲಿ ಓದಿ, "72 ಇದೆ, ಧಾರಾಳ" ಎನ್ನುತ್ತಾರೆ. 19 ಮಿಲಿಮೀಟರ್ ಅಗಲದ ಸ್ಕೇಲು ಚೇಂಬರ್ ಮುಗಿಯುವಲ್ಲಿ ನಿಲ್ಲುವುದೇ ಇಲ್ಲ; ಕೋನಿನಲ್ಲಿ ತನ್ನಷ್ಟೇ ಅಗಲದ ಜಾಗ ಸಿಗುವವರೆಗೆ ಮುಂದೆ ಹೋಗುತ್ತದೆ. ಕೋನಿನ ಇಳಿಜಾರು ಉದ್ದವಿದ್ದರೆ 7 ಮಿಲಿಮೀಟರಿನಷ್ಟು ಸುಳ್ಳು ಹೇಳುತ್ತದೆ. ಅಂದರೆ ಆ 72, ನಿಜವಾಗಿ 65.

ಸರಿಯಾದ ಸಾಧನ ಚೇಂಬರ್ ಗೇಜ್. ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿ ಇರುತ್ತದೆ. ಇಲ್ಲವಾದರೆ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದನ್ನು ಸರಿಯಾಗಿ 20.3 ಮಿಲಿಮೀಟರಿಗೆ ಕಡೆಸಿ, ನಡುವೆ ತೆಳು ಕಡ್ಡಿ ಸಿಕ್ಕಿಸಿಕೊಳ್ಳಿ. ಚೇಂಬರಿನ ಮಸಿ, ತುಕ್ಕು, ಪ್ಲಾಸ್ಟಿಕ್ ಪಸೆ ಚೆನ್ನಾಗಿ ಒರೆಸಿ, ಬಿಲ್ಲೆಯನ್ನು ತಾನಾಗಿ ಜಾರಲು ಬಿಡಿ, ಒತ್ತಬೇಡಿ. ನಿಂತ ಮೇಲೆ ನಳಿಗೆಯ ಹಿಂದಿನ ಮುಖದಿಂದ ಬಿಲ್ಲೆಯ ಮುಂದಿನ ಅಂಚಿನವರೆಗೆ ವರ್ನಿಯರ್‌ನಿಂದ ಅಳೆಯಿರಿ. ಎರಡೂ ನಳಿಗೆ ಬೇರೆಬೇರೆಯಾಗಿ. ಸವೆದ ಚೇಂಬರಿನಲ್ಲಿ ಬಿಲ್ಲೆ ತುಸು ಮುಂದೆ ಹೋಗುವುದರಿಂದ, 67-68 ಬಂದರೆ 65 ಎಂದೇ ಇಟ್ಟುಕೊಳ್ಳಿ. ಚುನಾವಣೆಗೆ ಠಾಣೆಯಲ್ಲಿಟ್ಟ ಕೋವಿ ಮನೆಗೆ ಬಂದಾಗ ಹೇಗೂ ಬಿಚ್ಚಿ ಎಣ್ಣೆ ಹಾಕುತ್ತೀರಲ್ಲ, ಆಗ ಈ ಕೆಲಸವನ್ನೂ ಮುಗಿಸಬಹುದು.

65 ಬಂದರೆ 65ರ ತೋಟೆಯೇ ಬೇಕು, ಬೇರೆ ಉಪಾಯವಿಲ್ಲ. ಅದಕ್ಕೆಂದೇ ಮಾಡಿದ ತೋಟೆ ಅಂಗಡಿಯವರಿಂದ ತರಿಸಿಕೊಳ್ಳಿ. ತಿರುಗಾಮುರುಗಾ ತೊಂದರೆಯಿಲ್ಲ: 70ರ ಚೇಂಬರಿನಲ್ಲಿ 65 ಧಾರಾಳವಾಗಿ ಹೊಡೆಯಬಹುದು. ಚೇಂಬರ್ ಉದ್ದ ಮಾಡಿಸುವ ಆಲೋಚನೆ ನಮಗೆ ಒಪ್ಪಿಗೆಯಿಲ್ಲ. ಗೋಡೆ ತೆಳುವಾಗುತ್ತದೆ, ಮತ್ತೆ ಪ್ರೂಫ್ ಆಗದೆ ಅದು ನಂಬುವ ಕೋವಿಯಲ್ಲ. ಖಾಲಿ ಕೊಳವೆ ಕತ್ತರಿಸಿ ಮನೆಯಲ್ಲೇ ಮದ್ದು ತುಂಬುವುದಂತೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ತಯಾರಿಕೆಯ ಪರವಾನಗಿ ಇಲ್ಲದವರು ಮಾಡುವಂತಿಲ್ಲ. ನಳಿಗೆಯ ಮೈಮೇಲೆ ಮರದ ಗೆರೆಯಂತಹ ಅಲೆ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ. ತಿಳಿದವರು ಪರೀಕ್ಷಿಸುವ ತನಕ ಅದಕ್ಕೆ ಯಾವ ಉದ್ದದ ತೋಟೆಯೂ ಬೇಡ.

ಹಳೆ ಕಾಗದದ ತೋಟೆ ಉಳಿದಿದ್ದರೆ ಇನ್ನೊಂದು ವಿಷಯ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಉಬ್ಬಿ ತೋಟೆ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸುವುದಾಗಲಿ, ಒಲೆಯ ಬಳಿ ಒಣಗಿಸುವುದಾಗಲಿ ಬೇಡ. ಪಕ್ಕಕ್ಕಿಟ್ಟು, ಏನು ಮಾಡಬೇಕೆಂದು ಕೊಂಡ ಅಂಗಡಿಯವರನ್ನೇ ಕೇಳಿ.