ಮಾರ್ಕ್ಸ್ 97%, ಆಕ್ಟಿವಿಟಿ ಏನೂ ಇಲ್ಲ: ಅಮೆರಿಕದ ದೊಡ್ಡ ಕಾಲೇಜಿಗೆ ಅರ್ಜಿ ಹಾಕಬಹುದಾ?

ಪ್ರಶ್ನೆ: ಎಸ್ಸೆಸ್ಸೆಲ್ಸಿಯಲ್ಲಿ 97%, ಫಸ್ಟ್ ಪಿಯುಸಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಲೇಜು, ಆಮೇಲೆ ಸಿಇಟಿ ಕೋಚಿಂಗ್. ಸ್ಪೋರ್ಟ್ಸ್ ಇಲ್ಲ, ಕ್ಲಬ್ ಇಲ್ಲ, ಸಮಾಜಸೇವೆಯ ಸರ್ಟಿಫಿಕೇಟೂ ಇಲ್ಲ. ಹಾರ್ವರ್ಡ್, ಎಂಐಟಿ ತರದ ಕಡೆ ಅರ್ಜಿ ಹಾಕಿದರೆ ಸುಮ್ನೆ ದುಡ್ಡು ದಂಡವಾ?

ಉತ್ತರ: ಅರ್ಜಿ ಹಾಕಿ. ಆದರೆ ಆ ಎರಡೇ ಹೆಸರು ನಂಬಿಕೊಂಡು ಕೂರಬೇಡಿ.

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಅಲ್ಲಿ 97% ಯಾರನ್ನೂ ಬೆರಗುಗೊಳಿಸುವುದಿಲ್ಲ. ಅರ್ಜಿ ಹಾಕುವವರಲ್ಲಿ ಬಹಳಷ್ಟು ಜನರ ಮಾರ್ಕ್ಸ್ ಹಾಗೇ ಇರುತ್ತದೆ, ಹಾರ್ವರ್ಡ್ ತೆಗೆದುಕೊಳ್ಳುವುದು ನೂರಕ್ಕೆ ಸುಮಾರು ನಾಲ್ಕು ಜನರನ್ನು ಮಾತ್ರ. ಇನ್ನೊಂದು ವಿಷಯ ನಮ್ಮ ಪಿಯು ಹುಡುಗರಿಗೆ ತಡವಾಗಿ ಹೊಳೆಯುತ್ತದೆ. ಅರ್ಜಿ ಹಾಕುವ ಗಡುವು ಜನವರಿಯ ಆಸುಪಾಸು, ಅವರ ತೀರ್ಮಾನ ಬರುವುದು ಮಾರ್ಚ್ ತಿಂಗಳಲ್ಲಿ. ನಮ್ಮ ಸೆಕೆಂಡ್ ಪಿಯುಸಿ ಫಲಿತಾಂಶ ಬರುವುದು ಅದಾದ ಮೇಲೆ! ಅಂದರೆ ಅವರು ನೋಡುವುದು ನಿಮ್ಮ ಒಂಬತ್ತನೇ ಕ್ಲಾಸು, ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯುಸಿ, ಜೊತೆಗೆ ಕಾಲೇಜಿನವರು ಅಂದಾಜು ಮಾಡಿ ಕೊಡುವ ಅಂಕ. ಎಸ್‌ಎಟಿ ಅನ್ನುವ ಅಮೆರಿಕದ ಪ್ರವೇಶ ಪರೀಕ್ಷೆ ಬರೆಯದೆ ಆಗುತ್ತಾ ಅಂತಲೂ ಕೇಳುತ್ತಾರೆ. ಎಂಐಟಿ 2022ರಲ್ಲೇ ಟೆಸ್ಟ್ ಸ್ಕೋರನ್ನು ಮತ್ತೆ ಕಡ್ಡಾಯ ಮಾಡಿತು, ಹಾರ್ವರ್ಡ್ 2024ರಲ್ಲಿ ಅದೇ ಘೋಷಣೆ ಮಾಡಿತು. ಆದ್ದರಿಂದ ಬರೆಯಿರಿ.

ಈಗ ಆಕ್ಟಿವಿಟಿ ವಿಷಯ. ಆಯ್ಕೆಯಲ್ಲಿ ತಾರತಮ್ಯ ಮಾಡುತ್ತದೆ ಅಂತ ಹಾರ್ವರ್ಡ್ ಮೇಲೆ ಕೇಸ್ ನಡೆದು, 2018ರಲ್ಲಿ ಬಾಸ್ಟನ್ ಕೋರ್ಟಿನಲ್ಲಿ ವಿಚಾರಣೆ ಆದಾಗ ಅವರ ಒಳಗಿನ ಅಂಕ ಕೊಡುವ ಪದ್ಧತಿ ಹೊರಗೆ ಬಂತು. ಓದು, ಆಕ್ಟಿವಿಟಿ, ಕ್ರೀಡೆ, ವ್ಯಕ್ತಿತ್ವ, ಹೀಗೆ ಒಂದೊಂದಕ್ಕೂ 1ರಿಂದ 6ರವರೆಗೆ ರೇಟಿಂಗ್, 1 ಅಂದರೆ ಅತ್ಯುತ್ತಮ. ಮಜಾ ಏನೆಂದರೆ, ಆಕ್ಟಿವಿಟಿ ಸಾಲಿನಲ್ಲಿ 4 ಅಂದರೆ ಏನೂ ಮಾಡಿಲ್ಲ ಅಥವಾ ತೀರಾ ಕಡಿಮೆ. ಆದರೆ 5 ಅದಕ್ಕಿಂತ ಕೆಟ್ಟದ್ದಲ್ಲ. ಮನೆಯ ಜವಾಬ್ದಾರಿ, ಓದುತ್ತಲೇ ಮಾಡಿದ ಸಂಬಳದ ಕೆಲಸ, ಇಂಥವು ಜಾಸ್ತಿ ಇರುವವರಿಗೆ ಇಟ್ಟ ಬೇರೆಯೇ ಖಾನೆ ಅದು. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕಲು ಬಳಸುವ ಕಾಮನ್ ಆ್ಯಪ್ ಫಾರಂನಲ್ಲೂ ಆಕ್ಟಿವಿಟಿಗಳ ಪಟ್ಟಿಯಲ್ಲಿ ಫ್ಯಾಮಿಲಿ ರೆಸ್ಪಾನ್ಸಿಬಿಲಿಟೀಸ್ ಅಂತ ಒಂದು ಆಯ್ಕೆ ಇದೆ, ಸಂಬಳದ ಕೆಲಸಕ್ಕೂ ಇದೆ.

ಹಾಗಾಗಿ 'ನಾನು ಏನೂ ಮಾಡಿಲ್ಲ' ಅನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಸಂಜೆ ಅಪ್ಪನ ಅಂಗಡಿಯಲ್ಲಿ ಕೂರುತ್ತೀರಾ? ಊರಿಗೆ ಹೋದಾಗ ಅಡಿಕೆ ಕೊಯ್ಲಿನ ಲೆಕ್ಕ ನೀವೇ ಬರೆಯುತ್ತೀರಾ? ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೀರಾ? ಅಜ್ಜಿಯ ಔಷಧಿ, ಡಾಕ್ಟರ್ ಓಡಾಟ ಎಲ್ಲ ನಿಮ್ಮ ತಲೆ ಮೇಲೇನಾ? ಇವನ್ನೆಲ್ಲ ಬರೆಯಬಹುದು, ಬರೆಯಲೇಬೇಕು. ನಮ್ಮಲ್ಲಿ ಮನೆ ಕೆಲಸವನ್ನು ಸಾಧನೆ ಅಂತ ಹೇಳಿಕೊಳ್ಳಲು ಒಂಥರಾ ಮುಜುಗರ, ಅದಕ್ಕೇ ಆ ಜಾಗ ಖಾಲಿ ಬಿಡುತ್ತಾರೆ.

ಕಾಮನ್ ಆ್ಯಪ್‌ನಲ್ಲಿ ಹತ್ತು ಸಾಲು ಇರುತ್ತವೆ, ಹತ್ತೂ ತುಂಬಲೇಬೇಕು ಅಂತೇನಿಲ್ಲ. ಎಂಐಟಿ ತನ್ನದೇ ಫಾರಂನಲ್ಲಿ ಕೇಳುವುದು ನಾಲ್ಕೇ ನಾಲ್ಕು. ಒಂದೊಂದರ ವಿವರಣೆಗೆ ಕಾಮನ್ ಆ್ಯಪ್ ಕೊಡುವ ಜಾಗ 150 ಅಕ್ಷರ, ಮಧ್ಯದ ಖಾಲಿ ಜಾಗವೂ ಸೇರಿ. ಇಷ್ಟರಲ್ಲಿ 'ಜವಾಬ್ದಾರಿ ಕಲಿತೆ, ನಾಯಕತ್ವ ಬೆಳೆಯಿತು' ಅಂತೆಲ್ಲ ಬರೆದರೆ ಜಾಗ ಹಾಳು. 'ಕಿರಾಣಿ ಅಂಗಡಿಯ ಸಾಲದ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದೆ, ಬಾಕಿ ಇರುವವರಿಗೆ ಪ್ರತಿ ತಿಂಗಳು ಮೆಸೇಜ್ ಕಳಿಸುತ್ತೇನೆ' ಅಂದರೆ ಓದುವವರ ಕಣ್ಣಿಗೆ ಒಬ್ಬ ಮನುಷ್ಯ ಕಾಣುತ್ತಾನೆ. ವಾರಕ್ಕೆ ಎಷ್ಟು ಗಂಟೆ ಅಂತಲೂ ಕೇಳುತ್ತಾರೆ, ಅಲ್ಲಿ ಉಬ್ಬಿಸಬೇಡಿ. ಕೋಚಿಂಗ್‌ಗೆ ದಿನವೆಲ್ಲ ಹೋಗುವ ಹುಡುಗ ಅದರ ಮೇಲೆ ವಾರಕ್ಕೆ 25 ಗಂಟೆ ಸಮಾಜಸೇವೆ ಅಂತ ಬರೆದರೆ ಯಾರು ನಂಬುತ್ತಾರೆ?

ಕೊನೆಯ ಆರು ತಿಂಗಳಲ್ಲಿ ಒಂದು ಎನ್‌ಜಿಒ ಹುಟ್ಟುಹಾಕಿ 'ಸ್ಥಾಪಕ' ಅಂತ ಹಾಕಿಕೊಳ್ಳುವುದು, ದುಡ್ಡು ಕೊಟ್ಟು ರಿಸರ್ಚ್ ಪೇಪರ್ ಮೇಲೆ ಹೆಸರು ಹಾಕಿಸುವುದು, ಇವೆಲ್ಲ ಬೇಡ. ಸಮಯ ಇನ್ನೂ ಇದ್ದರೆ ಇಷ್ಟವಾದ ಒಂದೇ ಕೆಲಸ ಹಿಡಿಯಿರಿ. ಫಿಸಿಕ್ಸ್ ಇಷ್ಟವಾದರೆ ಒಲಿಂಪಿಯಾಡ್‌ಗೆ ಓದಿ, ಬರೆಯುವ ಹುಚ್ಚಿದ್ದರೆ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮೂರಿನ ಕೆರೆ, ಗಿಡ, ಶಾಸನಗಳ ಬಗ್ಗೆ ಲೇಖನ ಸೇರಿಸಿ. ದುಡ್ಡು ಖರ್ಚಿಲ್ಲ, ಮಾಡಿದ್ದೆಲ್ಲ ದಾಖಲೆಯಾಗಿ ಉಳಿಯುತ್ತದೆ.

ಎಲ್ಲರೂ ಮರೆಯುವ ಒಂದು ಕಾಗದವಿದೆ, ನನ್ನ ಪ್ರಕಾರ ನಿಮ್ಮ ಕೇಸಿನಲ್ಲಿ ಅದೇ ಮುಖ್ಯ. ಅರ್ಜಿಯ ಜೊತೆ ಕಾಲೇಜಿನವರು ಒಂದು ವರದಿ, ಕಾಲೇಜಿನ ಪರಿಚಯ ಪತ್ರ ಕಳಿಸಬೇಕು. ಪಿಯು ಕಾಲೇಜುಗಳಲ್ಲಿ ಇದಕ್ಕೆಂದೇ ಕೌನ್ಸೆಲರ್ ಇರುವುದು ಅಪರೂಪ, ಪ್ರಿನ್ಸಿಪಾಲರೋ ಲೆಕ್ಚರರೋ ಬರೆಯಬೇಕು. 'ನಮ್ಮಲ್ಲಿ ಕ್ಲಬ್‌ಗಳಿಲ್ಲ, ತರಗತಿ ಇಷ್ಟು ಗಂಟೆ ನಡೆಯುತ್ತದೆ, ಈ ವಿದ್ಯಾರ್ಥಿ ಇಷ್ಟು ಜನರಲ್ಲಿ ಇಷ್ಟನೆಯವನು' ಅಂತ ಅವರೇ ಬರೆದರೆ ನಿಮ್ಮ ಖಾಲಿ ಪಟ್ಟಿಗೆ ಅರ್ಥ ಬರುತ್ತದೆ. ಅದೇ ಮಾತನ್ನು ನೀವು ಅರ್ಜಿಯ ಜೊತೆ ಕೊಡುವ ಪ್ರಬಂಧದಲ್ಲಿ ಬರೆದರೆ ದೂರಿನ ತರ ಕೇಳಿಸುತ್ತದೆ. ಈ ಕೆಲಸ ಜುಲೈ, ಆಗಸ್ಟಿನಲ್ಲೇ ಶುರು ಮಾಡಿ, ಡಿಸೆಂಬರಿನಲ್ಲಿ ಹೋದರೆ ಅವರು ಒಂದು ಸೀಲು ಒತ್ತಿ ಕಳಿಸುತ್ತಾರೆ ಅಷ್ಟೇ.

ದುಡ್ಡಿನ ವಿಷಯವೂ ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ತರದ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿ ಹಣದ ನೆರವು ಕೇಳಿದ್ದನ್ನು ಆಯ್ಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದ ಹೆಚ್ಚಿನವು ತೆಗೆದುಕೊಳ್ಳುತ್ತವೆ, ಅಂದರೆ ನೆರವು ಕೇಳಿದರೆ ಸೀಟು ಸಿಗುವುದು ಕಷ್ಟವಾಗಬಹುದು.

ಓದೇ ನಿಮ್ಮ ಬಲ ಅನ್ನುವುದಾದರೆ ಬ್ರಿಟನ್ ಕಡೆಯೂ ನೋಡಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಫುಟ್‌ಬಾಲ್ ಕ್ಯಾಪ್ಟನ್ ಆಗಿದ್ದಿರಾ ಅನ್ನುವುದು ಯಾರಿಗೂ ಬೇಕಿಲ್ಲ. ಹೆಚ್ಚಿನ ವಿಷಯಗಳಿಗೆ ಪ್ರವೇಶ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ, ಪಠ್ಯದಾಚೆ ಆ ವಿಷಯದಲ್ಲಿ ಏನು ಓದಿದ್ದೀರಿ ಅನ್ನುವುದು, ಇಷ್ಟೇ ಮುಖ್ಯ. ಸ್ಟೇಟ್ ಬೋರ್ಡಿನ ಅಂಕಗಳ ಬಗ್ಗೆ ಒಂದೊಂದು ಯೂನಿವರ್ಸಿಟಿಯ ನಿಯಮ ಒಂದೊಂದು ತರ, ಅದನ್ನು ಮೊದಲು ನೋಡಿಕೊಳ್ಳಿ. ಆ ಎರಡಕ್ಕೂ ಗಡುವು ಅಕ್ಟೋಬರ್ 15, ಅಮೆರಿಕದ್ದಕ್ಕಿಂತ ಬೇಗ.