ಮುಖಪುಟಕ್ಕಿಂತ ಮೊದಲು ಒಳಪುಟ

ಹುಬ್ಬಳ್ಳಿ-ಧಾರವಾಡದಲ್ಲಿ ಪುಸ್ತಕ ವಿನ್ಯಾಸದ ಕೆಲಸವೆಂದರೆ ಬಹುಪಾಲು ಕವನ ಸಂಕಲನಗಳು, ಅಭಿನಂದನ ಗ್ರಂಥಗಳು, ಸಹಕಾರಿ ಸಂಘಗಳ ಹಾಗೂ ಶಾಲೆ-ಕಾಲೇಜುಗಳ ಸ್ಮರಣ ಸಂಚಿಕೆಗಳು, ಅಧ್ಯಾಪಕರ ಸಂಶೋಧನ ಕೃತಿಗಳು. ಹಸ್ತಪ್ರತಿ ತಂದವರ ಮೊದಲ ಮಾತು ಮುಖಪುಟದ್ದು. ಅಲ್ಲಿ ಯಾರ ಭಾವಚಿತ್ರ ಬರಬೇಕು, ಹಿನ್ನೆಲೆಯ ಬಣ್ಣ ಯಾವುದು, ಲೇಖಕರ ಹೆಸರು ಎಷ್ಟು ದಪ್ಪಗಿರಬೇಕು ಎಂಬ ಚರ್ಚೆಯಲ್ಲಿ ಅರ್ಧ ದಿನ ಕಳೆಯುತ್ತದೆ. ಒಳಪುಟದ ವಿಷಯ ತೆಗೆದರೆ ಮಾತ್ರ ‘ಅದನ್ನ ನೀವ ನೋಡ್ಕೋರಿ ಸರ’ ಎಂದು ಎದ್ದುಬಿಡುತ್ತಾರೆ. ಪುಸ್ತಕವನ್ನು ಓದಿಸಿಕೊಳ್ಳುವುದು ಅಥವಾ ಇಪ್ಪತ್ತು ಪುಟಕ್ಕೇ ಕೆಳಗಿಡಿಸುವುದು ಈ ಒಳಪುಟ. ಅದರ ಅಳತೆಗಳನ್ನು ಕನ್ನಡ ಲಿಪಿಯಿಂದಲೇ ತೆಗೆಯಬೇಕು. ಆದರೆ ನಾವು ಬಳಸುವ ತಂತ್ರಾಂಶಗಳು ರೋಮನ್ ಲಿಪಿಯ ಅಳತೆಗಳನ್ನು ಹುಟ್ಟಿನಿಂದಲೇ ಹೊತ್ತು ಬಂದಿವೆ, ಮತ್ತು ಹೆಚ್ಚಿನ ಡಿಟಿಪಿ ಕೇಂದ್ರಗಳು ಅವನ್ನು ಬದಲಿಸುವ ಗೋಜಿಗೇ ಹೋಗುವುದಿಲ್ಲ.

ಪುಟವನ್ನು ಯೋಜಿಸುವ ಬುದ್ಧಿ ಅಚ್ಚಿನ ಯಂತ್ರದೊಡನೆ ಹುಟ್ಟಿದ್ದಲ್ಲ. ಗದಗ, ಲಕ್ಕುಂಡಿಗಳ ಸುತ್ತಮುತ್ತ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಆಕಳು-ಕರುಗಳ ಚಿತ್ರಪಟ್ಟಿಕೆ. ಅದರ ಕೆಳಗೆ ಸ್ತುತಿಪದ್ಯ, ಬಳಿಕ ಅರಸನ ಬಿರುದುಗಳು, ದಾನದ ವಿವರ, ಕಟ್ಟಕಡೆಗೆ ದಾನವನ್ನು ಕೆಡಿಸಿದವರಿಗೆ ಶಾಪ. ಓದು ಬಾರದವನಿಗೂ ಮೇಲಿನ ಚಿತ್ರಗಳೇ ಇದು ದಾನಶಾಸನವೆಂದೂ, ಸೂರ್ಯ-ಚಂದ್ರರಿರುವವರೆಗೆ ನಡೆಯಬೇಕಾದದ್ದೆಂದೂ ತಿಳಿಸುತ್ತಿದ್ದವು. ಯಾವುದು ಮೊದಲು ಕಣ್ಣಿಗೆ ಬೀಳಬೇಕು, ಯಾವುದು ಯಾವ ಜಾಗದಲ್ಲಿ ಸಿಗಬೇಕು ಎಂಬ ನಿರ್ಧಾರ ಅಲ್ಲಿ ಸ್ಪಷ್ಟವಾಗಿದೆ. ಪದಗಳ ನಡುವೆ ಮಾತ್ರ ಜಾಗವಿಲ್ಲ, ಅಕ್ಷರಗಳು ಒಂದೇ ಓಟದಲ್ಲಿ ಸಾಗುತ್ತವೆ. ತಾಳೆಗರಿಯಲ್ಲಿ ಪುಟದ ಆಕಾರವನ್ನು ಎಲೆಯೇ ನಿರ್ಧರಿಸಿತು. ಸಾಲು ಉದ್ದ, ಸಾಲುಗಳು ಕೆಲವೇ, ದಾರ ಪೋಣಿಸುವ ರಂಧ್ರದ ಸುತ್ತ ಲಿಪಿಕಾರ ಬರೆಯದೆ ಬಿಟ್ಟ ಖಾಲಿ ಜಾಗ. ಹೊಲಿಗೆ ಇಲ್ಲವೆ ಅಂಟು ಪುಟದ ಅಂಚನ್ನು ನುಂಗುತ್ತದೆಂದು ನಾವು ಇಂದು ಒಳಬದಿಯಲ್ಲಿ ಹೆಚ್ಚು ಜಾಗ ಬಿಡುವುದರ ಹಿಂದೆಯೂ ಇದೇ ಲೆಕ್ಕವಿದೆ.

ಯುರೋಪಿನಲ್ಲಿ ಗುಟೆನ್‌ಬರ್ಗ್ 1455ರ ಸುಮಾರಿಗೆ ಮುಗಿಸಿದ ಬೈಬಲ್ಲಿನ ಹೆಚ್ಚಿನ ಪುಟಗಳಲ್ಲಿ ಎರಡು ಅಂಕಣ, ಅಂಕಣಕ್ಕೆ 42 ಸಾಲು. ಅದು ಕೈಬರಹದ ದೊಡ್ಡ ಗ್ರಂಥದ ರೂಪವನ್ನೇ ಅಚ್ಚಿಗೆ ತಂದ ಪುಸ್ತಕ. ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಟಿಯಸ್ 1501ರಲ್ಲಿ ವರ್ಜಿಲ್ಲನ ಕಾವ್ಯವನ್ನು ಕೈಯಲ್ಲಿ ಹಿಡಿದು ಓದುವಷ್ಟು ಚಿಕ್ಕ ಆಕಾರದಲ್ಲಿ ಹೊರತಂದ. ಫ್ರಾಂಚೆಸ್ಕೊ ಗ್ರಿಫೊ ಅದಕ್ಕಾಗಿ ಕೊರೆದುಕೊಟ್ಟ ಓರೆಯ ಅಕ್ಷರವೇ ಇಂದಿನ ಇಟಾಲಿಕ್‌ನ ಮೂಲ. ಒತ್ತಿ ಹೇಳಬೇಕಾದ ಪದಕ್ಕೆ ಮಾತ್ರ ಅದನ್ನು ಬಳಸುವುದು ಆಮೇಲಿನ ರೂಢಿ. ಆಲ್ಡಸ್ ಇಡೀ ಪುಸ್ತಕವನ್ನೇ ಆ ಅಕ್ಷರದಲ್ಲಿ ಅಚ್ಚು ಹಾಕಿದ್ದ. ಕನ್ನಡಕ್ಕೆ ಅಂಥ ಓರೆಬರಹದ ಪರಂಪರೆಯೇ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಕನ್ನಡ ಅಕ್ಷರವನ್ನು ಬಲಕ್ಕೆ ವಾಲಿಸಿದರೆ ತಲಕಟ್ಟು ಒಂದು ಕಡೆಗೆ, ಒತ್ತಕ್ಷರ ಇನ್ನೊಂದು ಕಡೆಗೆ ಜಾರುತ್ತವೆ. ಕೃತಿಯ ಹೆಸರಿಗೆ ಉದ್ಧರಣ ಚಿಹ್ನೆ ಸಾಕು. ಓರೆ ಮಾಡುವುದನ್ನು ನಾನು ನನ್ನ ಕೆಲಸದಲ್ಲಿ ಪೂರ್ತಿ ಕೈಬಿಟ್ಟಿದ್ದೇನೆ.

ಕನ್ನಡ ಅಚ್ಚುಮೊಳೆಯಿಂದ, ಅಂದರೆ ಎರಕ ಹೊಯ್ದ ಲೋಹದ ಅಕ್ಷರಗಳಿಂದ, ಮಾಡಿದ ಪುಸ್ತಕಗಳಲ್ಲಿ ಬಹಳ ಹಿಂದಿನದು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ ಮೊಳೆಯಲ್ಲಿ ಆದದ್ದಲ್ಲ, ಕಲ್ಲಚ್ಚಿನಲ್ಲಿ ಆದದ್ದು. ಕಲ್ಲಚ್ಚಿನಲ್ಲಿ ಕಲ್ಲಿನ ಮೇಲೆ ಬರೆದ ಅಕ್ಷರವೇ ಕಾಗದಕ್ಕೆ ಮೂಡುವುದರಿಂದ ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯಿಸಿ ಕೂಡಿಡುವ ಖರ್ಚಿರಲಿಲ್ಲ. ರೋಮನ್ ಲಿಪಿಯ ಮೊಳೆ ಜೋಡಿಸುವವನಿಗೆ ದೊಡ್ಡ-ಚಿಕ್ಕ ಅಕ್ಷರ ಎರಡೂ ಸೇರಿ ನೂರು ಚಿಲ್ಲರೆ ಖಾನೆಗಳಿದ್ದರೆ ನಡೆಯುತ್ತಿತ್ತು. ಕಾಗುಣಿತ ಮತ್ತು ಒತ್ತುಗಳಿಂದಾಗಿ ಕನ್ನಡದ ಪೆಟ್ಟಿಗೆ ಅದರ ಹಲವು ಪಟ್ಟು ಬೆಳೆಯುತ್ತಿತ್ತು. ಆ ದುಬಾರಿ ಪೆಟ್ಟಿಗೆಯೆದುರು ನಿಂತೇ ನಮ್ಮ ಭಾಗದ ಪ್ರಕಟಣೆಯೂ ಬೆಳೆಯಿತು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಿಂದ ‘ವಾಗ್ಭೂಷಣ’ ಪತ್ರಿಕೆಯನ್ನು ಹೊರಡಿಸಿತು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಹುಬ್ಬಳ್ಳಿಯಿಂದ 1956ರಲ್ಲಿ ‘ಕಸ್ತೂರಿ’ ಡೈಜೆಸ್ಟ್ ಮಾದರಿಯ ಚಿಕ್ಕ ಆಕಾರದಲ್ಲಿ ಬಂತು. ಗದಗಿನ ಮುದ್ರಣಾಲಯಗಳ ಸಾಲಿನಿಂದಾಗಿ ಆ ಊರಿಗೆ ಮುದ್ರಣ ಕಾಶಿ ಎಂಬ ಹೆಸರೇ ನಿಂತಿತು.

ಮೊಳೆಯ ಕಾಲದ ಒಂದು ಗುಣವನ್ನು ಇಲ್ಲಿ ಹೇಳಬೇಕು. ಪ್ರತಿ ಮೊಳೆಗೂ ಲೋಹದ ಮೈಯಿರುತ್ತದೆ. ಮೇಲಿನ ಗುಡಿಸಿಗೂ ಕೆಳಗಿನ ಒತ್ತಿಗೂ ಸಾಲಿನ ಆ ಎತ್ತರದೊಳಗೇ ಎಡೆ ಸಿಗಬೇಕು. ಒಂದು ಸಾಲಿನ ಲೋಹ ಇನ್ನೊಂದು ಸಾಲಿನ ಮೇಲೆ ಏರುವುದು ಸಾಧ್ಯವೇ ಇಲ್ಲ. ಜಾಗ ಇನ್ನೂ ಬೇಕಾದರೆ ಸಾಲುಗಳ ನಡುವೆ ಸೀಸದ ತೆಳುಪಟ್ಟಿ ಇಡುತ್ತಿದ್ದರು. ಹೀಗಾಗಿ ಕಡು ಬಡತನದ ಮುದ್ರಣಾಲಯದ ಪುಸ್ತಕದಲ್ಲೂ ಒತ್ತಕ್ಷರ ಮುಂದಿನ ಸಾಲಿಗೆ ಢಿಕ್ಕಿ ಹೊಡೆದಿರುವುದಿಲ್ಲ. 1985ರಲ್ಲಿ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ಬಂದ ಮೇಲೆ ಲೋಹದ ಈ ತಡೆ ಹೋಯಿತು. ಅದನ್ನು ತಯಾರಿಸಿದ ಸಂಸ್ಥೆ ವೆನಿಸ್ಸಿನ ಆ ಮುದ್ರಕನ ನೆನಪಿಗೆ ತನ್ನನ್ನು ಆಲ್ಡಸ್ ಎಂದು ಕರೆದುಕೊಂಡಿತ್ತು. ನಮ್ಮಲ್ಲಿ ಶ್ರೀಲಿಪಿ, ನುಡಿ, ಬರಹದಂಥ ಅಕ್ಷರವಿನ್ಯಾಸಗಳನ್ನು ಇಟ್ಟುಕೊಂಡು ಡಿಟಿಪಿ ಅಂಗಡಿಗಳು ಬಹಳ ಕಾಲ ಪೇಜ್‌ಮೇಕರಿನಲ್ಲೇ ಪುಸ್ತಕ ಕಟ್ಟಿದವು. ಅದರಲ್ಲಿ ಸಾಲಿನ ಅಂತರ, ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡದವರೆಗಿನ ಎತ್ತರ, ತಾನಾಗಿಯೇ ಅಕ್ಷರದ ಅಳತೆಯ ಶೇ 120ಕ್ಕೆ ನಿಲ್ಲುತ್ತದೆ, ಅಂದರೆ 12 ಪಾಯಿಂಟ್ (ಅಕ್ಷರ ಅಳೆಯುವ ಮಾನ) ಅಕ್ಷರಕ್ಕೆ 14.4 ಪಾಯಿಂಟ್, ಆಮೇಲೆ ಬಂದ ಇನ್‌ಡಿಸೈನ್ ತಂತ್ರಾಂಶದಲ್ಲೂ ಇದೇ ಅನುಪಾತ. ಅಕ್ಷರದ ಕೆಳಗೆ ಏನೂ ತೂಗದ ಅಥವಾ ಚಿಕ್ಕ ಬಾಲವಷ್ಟೇ ಇಳಿಯುವ ರೋಮನ್ ಲಿಪಿಗೆ ಅದು ಹಿಡಿಸುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಎಂಬಲ್ಲಿ ಒತ್ತಿನ ಮೇಲೊಂದು ಒತ್ತು ಬರುವ, ಅದರ ಕೆಳಗಿನ ಸಾಲಿನಲ್ಲಿಯೇ ‘ಗಿ’, ‘ಧಿ’ಗಳ ಗುಡಿಸು ಎದ್ದುನಿಲ್ಲುವ ಕನ್ನಡಕ್ಕೆ ಅದು ಸಾಲದು. ಸಾಮಾನ್ಯ ಗದ್ಯಕ್ಕೆ 12 ಪಾಯಿಂಟಿಗೆ 17 ಅಥವಾ 18 ಪಾಯಿಂಟಿನ ಅಂತರವನ್ನು ನಾನು ಇಡುತ್ತೇನೆ, ಒತ್ತುಗಳು ಕಿಕ್ಕಿರಿದ ಸಂಸ್ಕೃತ ಶ್ಲೋಕಗಳಿದ್ದರೆ ಇನ್ನೂ ಒಂದು ಹೆಚ್ಚು. ಇದೂ ಕಲ್ಲಿನ ಮೇಲೆ ಕೊರೆದ ಅಂಕಿಯಲ್ಲ, ಏಕೆಂದರೆ ಒಂದು ಅಕ್ಷರವಿನ್ಯಾಸದ 12 ಪಾಯಿಂಟ್ ಇನ್ನೊಂದರ 10ರಷ್ಟೇ ಕಾಣುವುದುಂಟು. ಅಂಕಿಯನ್ನು ನಂಬದೆ ಅಚ್ಚು ತೆಗೆದು ನೋಡಬೇಕು.

ಸಾಲಿನ ಉದ್ದದ ಲೆಕ್ಕವೂ ಬೇರೆ. ಇಂಗ್ಲಿಷ್ ಪುಸ್ತಕದ ಸಾಲಿಗೆ 45ರಿಂದ 75 ಅಕ್ಷರ ಹಿತ ಎನ್ನುತ್ತಾರೆ. ಪ್ರತ್ಯಯಗಳೂ ಸಂಧಿಗಳೂ ಸೇರಿ ಪದ ಉದ್ದವಾಗುವ ಕನ್ನಡದಲ್ಲಿ ಪದಗಳನ್ನು ಎಣಿಸುವುದೇ ಸುಲಭ. ಡೆಮಿ 1/8 ಆಕಾರದ, ಅಂದರೆ ಡೆಮಿ ಎಂಬ ಅಳತೆಯ ಹಾಳೆಯ ಎಂಟನೇ ಒಂದು ಭಾಗದಷ್ಟಿರುವ ಪುಟದಲ್ಲಿ ಸಾಲಿಗೆ ಏಳರಿಂದ ಒಂಬತ್ತು ಪದ ಬಂದರೆ ಕಣ್ಣು ಮುಂದಿನ ಸಾಲಿನ ತುದಿಯನ್ನು ತಪ್ಪದೆ ಹಿಡಿಯುತ್ತದೆ. ಸ್ಮರಣ ಸಂಚಿಕೆಯ ಎ4 ಪುಟದಲ್ಲಿ ಅಂಚಿನಿಂದ ಅಂಚಿಗೆ ಒಂದೇ ಸಾಲು ಎಳೆದರೆ ಅದು ತಪ್ಪುತ್ತದೆ. ಅಲ್ಲಿ ಎರಡು ಅಂಕಣ ಮಾಡಲೇಬೇಕು. ಮೂರು ಅಂಕಣ ಮಾಡಿದರೆ ಬೇರೊಂದು ತೊಂದರೆ. ಎರಡೂ ಬದಿ ಸಮವಾಗಿರಲೆಂದು ಒತ್ತಾಯಿಸಿದಾಗ, ‘ವಿಶ್ವವಿದ್ಯಾಲಯದವರೊಂದಿಗೆ’ ಎಂಬಂಥ ಒಂದು ಪದ ಮುಂದಿನ ಸಾಲಿಗೆ ಹೋದರೆ ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ದಾರಿ ಬಿಡುತ್ತದೆ. ಕಿರಿದಾದ ಅಂಕಣದಲ್ಲಿ ಬಲಬದಿಯನ್ನು ಏರುಪೇರಾಗಿಯೇ ಬಿಡುವುದು ನನಗೆ ಒಪ್ಪಿತ, ಸಂಪಾದಕರಿಗೆ ಅದು ಅಶಿಸ್ತಾಗಿ ಕಂಡರೂ. ಪದ ಮುರಿಯಲೇಬೇಕಾದರೆ ಸಮಾಸ ಕೂಡಿದ ಜಾಗದಲ್ಲಿ, ಅಂದರೆ ‘ವಿಶ್ವ’ ಆದ ಮೇಲೆ ಮುರಿಯಬೇಕು. ಒತ್ತಕ್ಷರವನ್ನು ಸೀಳಬಾರದು, ಒಂಟಿ ಅಕ್ಷರವನ್ನು ಸಾಲಿನ ಕೊನೆಯಲ್ಲಿ ಬಿಡಬಾರದು. ಯೂನಿಕೋಡ್ ಅಕ್ಷರದಲ್ಲಿ ಕೆಲಸ ಮಾಡುವವರು ಇನ್‌ಡಿಸೈನ್‌ನ ಭಾರತೀಯ ಲಿಪಿಗಳನ್ನೂ ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿಕೊಳ್ಳುವುದನ್ನು ಮರೆತರೆ, ಮುರಿಯುವ ಮಾತಿರಲಿ, ಒತ್ತುಗಳೇ ಅಕ್ಷರದಿಂದ ಬಿಟ್ಟು ನಿಲ್ಲುತ್ತವೆ.

ದೊಡ್ಡ ಅಕ್ಷರ-ಚಿಕ್ಕ ಅಕ್ಷರಗಳ ಭೇದವೂ ಕನ್ನಡಕ್ಕಿಲ್ಲವಾದ್ದರಿಂದ ಅಧ್ಯಾಯದ ಹೆಸರು, ಉಪಶೀರ್ಷಿಕೆ, ಅಡಿಟಿಪ್ಪಣಿಗಳ ಮೇಲು-ಕೆಳಗನ್ನು ಗಾತ್ರ, ದಪ್ಪ ಮತ್ತು ಸುತ್ತಲಿನ ಖಾಲಿ ಜಾಗ, ಈ ಮೂರರಿಂದಲೇ ತೋರಿಸಬೇಕು. ದಪ್ಪ ಅಕ್ಷರದ ಮೇಲೆ ನನಗೆ ನಂಬಿಕೆ ಕಡಿಮೆ. ಕನ್ನಡದ ಅಕ್ಷರಗಳಲ್ಲಿ ಮುಚ್ಚಿದ ಸುರುಳಿಗಳು ಬಹಳ. ಚಿಕ್ಕ ಗಾತ್ರದಲ್ಲಿ ದಪ್ಪ ಮಾಡಿ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚು ಹಾಕಿದರೆ ಶಾಯಿ ಹರಡಿ ಆ ಸುರುಳಿಗಳು ತುಂಬಿಕೊಳ್ಳುತ್ತವೆ, ‘ಬ’ ಮತ್ತು ‘ಖ’ ಮೊದಲು ಹೋಗುತ್ತವೆ. ಉಪಶೀರ್ಷಿಕೆಯ ಮೇಲೆ ಒಂದು ಪೂರ್ಣ ಸಾಲು, ಕೆಳಗೆ ಅರ್ಧ ಸಾಲು ಬಿಟ್ಟರೆ ದಪ್ಪವಿಲ್ಲದೆಯೂ ಅದು ಎದ್ದು ಕಾಣುತ್ತದೆ, ಮತ್ತು ಮೇಲಿಗಿಂತ ಕೆಳಗೆ ಕಡಿಮೆ ಜಾಗವಿರುವುದರಿಂದ ಯಾವ ಭಾಗಕ್ಕೆ ಸೇರಿದ್ದೆಂಬುದೂ ತಿಳಿಯುತ್ತದೆ.

ಅಂಚುಗಳ ವಿಚಾರದಲ್ಲಿ ಹಳೆಯ ಸೂತ್ರವೊಂದಿದೆ. ಒಳಗೆ 2, ಮೇಲೆ 3, ಹೊರಗೆ 4, ಕೆಳಗೆ 6 ಎಂಬ ಅನುಪಾತ. ಮಧ್ಯಯುಗದ ಹಸ್ತಪ್ರತಿಗಳನ್ನು ಅಳೆದು ಇದನ್ನು ಮತ್ತೆ ಚಾಲ್ತಿಗೆ ತಂದವರಲ್ಲಿ ಪುಸ್ತಕ ವಿನ್ಯಾಸಕಾರ ಯಾನ್ ಚಿಖೋಲ್ಡ್ ಮುಖ್ಯ. 1947ರಿಂದ 1949ರವರೆಗೆ ಪೆಂಗ್ವಿನ್ ಪುಸ್ತಕಗಳ ವಿನ್ಯಾಸವನ್ನು ತಿದ್ದಿ, ಮೊಳೆ ಜೋಡಿಸುವವರಿಗಾಗಿ ನಿಯಮಗಳ ಒಂದು ಚಿಕ್ಕ ಕೈಪಿಡಿಯನ್ನು ಮಾಡಿಕೊಟ್ಟವನೂ ಅವನೇ. ಕಾಗದದ ಬೆಲೆ ನೋಡಿದರೆ ನಮ್ಮ ಪ್ರಕಾಶಕರು ಈ ಅನುಪಾತವನ್ನು ಹಾಗೆಯೇ ಒಪ್ಪುವುದು ಕಷ್ಟ. ಅದರ ಜೊತೆಗೆ ಇಂದಿನ ಅಂಟು ಬೈಂಡಿಂಗ್‌ನಲ್ಲಿ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಒಳ ಅಂಚನ್ನು ಸೂತ್ರ ಹೇಳುವುದಕ್ಕಿಂತ ಹೆಚ್ಚಿಸಬೇಕಾಗುತ್ತದೆ. ಆದರೂ ಕೆಳಗಿನ ಅಂಚು ಮೇಲಿನದಕ್ಕಿಂತ ದೊಡ್ಡದಿರಲಿ ಎಂಬಷ್ಟನ್ನಾದರೂ ಉಳಿಸಿಕೊಳ್ಳಬಹುದು. ಹಿಡಿದ ಹೆಬ್ಬೆರಳು ಅಕ್ಷರವನ್ನು ಮುಚ್ಚುವುದಿಲ್ಲ.

ಪುಸ್ತಕಗಳಿಗೆ ಬಳಸುವ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೊ ಕಾಗದದಲ್ಲಿ ಹಿಂಬದಿಯ ಅಚ್ಚು ಸ್ವಲ್ಪ ಇಣುಕುತ್ತದೆ. ಪುಟದ ಎರಡೂ ಬದಿಯ ಸಾಲುಗಳು ಒಂದರ ಬೆನ್ನಿಗೊಂದು ಸರಿಯಾಗಿ ಕೂತಿದ್ದರೆ ಇದು ಅರಿವಿಗೇ ಬರುವುದಿಲ್ಲ. ಕೂರದಿದ್ದರೆ ಎರಡು ಸಾಲುಗಳ ನಡುವಿನ ಬಿಳಿ ಜಾಗ ಮಸುಕಾಗಿ ಪುಟವೇ ಕೊಳೆಯಾದಂತೆ ಕಾಣುತ್ತದೆ. ಸ್ವಿಟ್ಜರ್‌ಲೆಂಡಿನ ವಿನ್ಯಾಸಕಾರರು ಎರಡನೆಯ ಮಹಾಯುದ್ಧದ ಬಳಿಕ ಶಾಸ್ತ್ರವಾಗಿ ಬೆಳೆಸಿದ ಗ್ರಿಡ್ ಎಂಬ ಚೌಕಟ್ಟಿನ ಅತ್ಯಂತ ಸರಳ ಉಪಯೋಗ ನಮಗೆ ಇದೇ. ಇಡೀ ಪುಸ್ತಕಕ್ಕೆ 17 ಅಥವಾ 18 ಪಾಯಿಂಟಿನ ಗೆರೆಗಳನ್ನು ಹಾಕಿಕೊಂಡು, ಶೀರ್ಷಿಕೆ, ಪದ್ಯ, ಚಿತ್ರ ಏನೇ ಬಂದರೂ ನಂತರದ ಗದ್ಯ ಮತ್ತೆ ಗೆರೆಯ ಮೇಲೆಯೇ ಬಂದು ನಿಲ್ಲುವಂತೆ ನೋಡಿಕೊಳ್ಳುವುದು.

ಇಷ್ಟೆಲ್ಲ ಮಾಡಿದ ಮೇಲೆ ಕೊನೆಯ ಹಗ್ಗಜಗ್ಗಾಟ ಫಾರ್ಮ್‌ಗಳದ್ದು, ಅಂದರೆ ಹಲವು ಪುಟ ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುವ ದೊಡ್ಡ ಹಾಳೆಗಳದ್ದು. ಡೆಮಿ ಹಾಳೆಯ ಒಂದು ಬದಿಗೆ 8, ಎರಡೂ ಬದಿ ಸೇರಿ 16 ಪುಟ. ಹೀಗಾಗಿ ಪುಸ್ತಕ 160 ಪುಟಕ್ಕೆ ನಿಲ್ಲದೆ 164 ಆಯಿತೆಂದರೆ ನಾಲ್ಕು ಪುಟಕ್ಕಾಗಿ ಮತ್ತೊಂದು ಫಾರ್ಮ್‌ನ ತಾಪತ್ರಯ. ‘ಅಕ್ಷರ ಒಂದೀಟ ಸಣ್ಣ ಮಾಡ್ರಲಾ, ಒಂದ ಫಾರ್ಮ್ ಉಳೀತದ’ ಎಂಬ ಸಲಹೆ ಆಗಲೇ ಬರುವುದು. ಅಕ್ಷರ 12ರಿಂದ 11ಕ್ಕೆ, ಅಂತರ 18ರಿಂದ 15ಕ್ಕೆ ಇಳಿಯಿತೆಂದರೆ ಅರವತ್ತು ದಾಟಿದ ಓದುಗರನ್ನು ಆ ಪುಸ್ತಕ ಕಳೆದುಕೊಂಡಂತೆಯೇ, ಮತ್ತು ಅಭಿನಂದನ ಗ್ರಂಥವನ್ನು ಓದುವವರು ಹೆಚ್ಚಾಗಿ ಅವರೇ. ಅದಕ್ಕೆ ಬದಲು ಪುಸ್ತಕದ ಮುಂಭಾಗವನ್ನು ನೋಡಿ ಎನ್ನುತ್ತೇನೆ. ಮಂತ್ರಿಗಳ, ಮಠಾಧೀಶರ, ಕುಲಪತಿಗಳ ಶುಭಸಂದೇಶಗಳು ಅಲ್ಲಿ ಲೆಟರ್‌ಹೆಡ್ ಸಮೇತ ಒಂದೊಂದು ಪುಟ ಹಿಡಿದು ಕೂತಿರುತ್ತವೆ. ಲೆಟರ್‌ಹೆಡ್ ಚಿತ್ರಗಳನ್ನು ತೆಗೆದು, ಸಂದೇಶವನ್ನು ಪುಸ್ತಕದ ಅಕ್ಷರದಲ್ಲೇ ಮತ್ತೆ ಜೋಡಿಸಿ ಪುಟಕ್ಕೆರಡರಂತೆ ಇಟ್ಟರೆ, ಎಂಟು ಸಂದೇಶಗಳಲ್ಲೇ ಆ ನಾಲ್ಕು ಪುಟ ಉಳಿಯುತ್ತವೆ. ಯಾರ ಸಂದೇಶ ಮೇಲೆ, ಯಾರದು ಕೆಳಗೆ ಎಂಬುದನ್ನು ಮಾತ್ರ ಸಮಿತಿಯವರೇ ಬರೆದು ಸಹಿ ಹಾಕಿ ಕೊಡಬೇಕು. ಆ ಶ್ರೇಣಿಯನ್ನು ವಿನ್ಯಾಸಕಾರ ಮುಟ್ಟಬಾರದು.