ಮರಳಿನ ಜಿರ್ಕಾನ್, ಬೂದಿಯ ಜಿರ್ಕಾನ್: ಮೊದಲ ಪ್ರಾಣಿಗಳ ಕಾಲದ ಲೆಕ್ಕ

ಪುಸ್ತಕದಲ್ಲಿ ವಯಸ್ಸು ಮಿಲಿಯನ್ ವರ್ಷಗಳಲ್ಲಿದ್ದರೆ ಹತ್ತರಿಂದ ಭಾಗಿಸಿ ಕೋಟಿಯಲ್ಲಿ ಓದಿ, ಸೊನ್ನೆ ತಪ್ಪುವುದಿಲ್ಲ. ಮೊದಲ ಪ್ರಾಣಿಗಳ ಅಚ್ಚು ಸಿಗುವ ಎಡಿಯಾಕರನ್ ಅವಧಿ 63.5 ಕೋಟಿಯಿಂದ 53.9 ಕೋಟಿ ವರ್ಷಗಳ ಹಿಂದಿನವರೆಗೆ, ಆಮೇಲೆ ಕ್ಯಾಂಬ್ರಿಯನ್. ಗಡಿಯನ್ನು ಗುರುತಿಸಿದ್ದು ಕೆನಡಾದ ಫಾರ್ಚೂನ್ ಹೆಡ್‌ನಲ್ಲಿ, ಹುಳುವಿನಂಥ ಜೀವಿ ಕೆಸರಲ್ಲಿ ಕೊರೆದ ಬಿಲದ ಅಚ್ಚಿನಿಂದ (ಟ್ರೆಪ್ಟಿಕ್ನಸ್ ಪೆಡಮ್ ಎಂಬುದು ಆ ಅಚ್ಚಿನ ಹೆಸರು). ಆದರೆ 53.9 ಎಂಬ ಅಂಕಿ ಸಿಕ್ಕಿದ್ದು ದೂರದ ನಮೀಬಿಯಾದ ಜ್ವಾಲಾಮುಖಿ ಬೂದಿಯ ಪದರಗಳಲ್ಲಿ. ಅಚ್ಚಿಗೆ ಸ್ವಂತ ವಯಸ್ಸಿಲ್ಲ, ಸಾಲ ತರಬೇಕು.

ಸಾಲ ಕೊಡುವುದು ಜಿರ್ಕಾನ್. ಈ ಹರಳು ಬೆಳೆಯುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಸೇರುವುದಿಲ್ಲ. ಯುರೇನಿಯಂ ಒಂದೇ ದರದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಆದ್ದರಿಂದ ಈಗ ಒಳಗಿರುವ ಸೀಸ ಬಹುಪಾಲು ಯುರೇನಿಯಂನಿಂದಲೇ ಹುಟ್ಟಿದ್ದು. ಸೀಸ-206 ಮತ್ತು ಯುರೇನಿಯಂ-238ರ ಅನುಪಾತ 0.0916 ಎಂದಿಟ್ಟುಕೊಳ್ಳಿ. ಅದಕ್ಕೆ 1 ಕೂಡಿಸಿ ಸ್ವಾಭಾವಿಕ ಲಾಗ್ ತೆಗೆದರೆ 0.08764. ವರ್ಷಕ್ಕೆ 1.55125×10⁻¹⁰ ಎಂಬ ಕ್ಷಯದರದಿಂದ ಭಾಗಿಸಿದರೆ 56.5 ಕೋಟಿ ವರ್ಷ. ಸೀಸ ಸೋರಿಹೋಗಿದ್ದರೆ ವಯಸ್ಸು ಕಡಿಮೆ ಬರುತ್ತದೆ. ಅದಕ್ಕೇ ಹರಳನ್ನು ಸುಮಾರು 900 ಡಿಗ್ರಿಗೆ ಕಾಯಿಸಿ, ಹಾಳಾದ ಭಾಗವನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ ತೆಗೆಯುತ್ತಾರೆ.

ಎಲ್ಲರೂ ಎಡವುವುದು ಇಲ್ಲಿ: ಯಾವ ಜಿರ್ಕಾನ್? ನೇತ್ರಾವತಿ ಕಡಲಿಗೆ ತಂದು ಹಾಕುವ ಮರಳನ್ನೇ ನೋಡಿ. ಅದರೊಳಗಿನ ಜಿರ್ಕಾನ್ ಘಟ್ಟದ ಕಡೆಯ ಬಂಡೆಗಳಿಂದ ಬಂದದ್ದು. ಆ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯವು. ಇವತ್ತು ಆ ಮರಳಲ್ಲಿ ಒಂದು ಮರುವಾಯಿ (ಚಿಪ್ಪಿನ ಜೀವಿ) ಹೂತು ಕಲ್ಲಾಯಿತು ಅನ್ನಿ. ಸುತ್ತಲಿನ ಕಾಳು ಅಳೆದು ಮರುವಾಯಿಗೂ 250 ಕೋಟಿ ಎನ್ನಲಾದೀತೇ? ಮರಳಿನ ಕಾಳು ಹೇಳುವುದು ಒಂದೇ ಮಾತು: ಈ ಪದರ ನನಗಿಂತ ಹಳೆಯದಲ್ಲ. ಎಷ್ಟು ಕಿರಿಯದು ಎಂದು ಹೇಳದು. ನೂರು ಕಾಳು ಅಳೆದರೂ ಅಷ್ಟೇ. ಅತಿ ಕಿರಿಯ ಕಾಳುಗಳ ಗುಂಪು ಮಾತ್ರ ಉಪಯೋಗಕ್ಕೆ ಬರುತ್ತದೆ.

ಬೂದಿಯದು ಬೇರೆ ಕಥೆ. ಜ್ವಾಲಾಮುಖಿ ಸಿಡಿಯುವ ಸ್ವಲ್ಪ ಮೊದಲು ಹುಟ್ಟಿದ ಹರಳು ಬೂದಿಯ ಜೊತೆ ಬಂದು ಕೂರುವುದರಿಂದ ಹರಳಿನ ವಯಸ್ಸೇ ಹೆಚ್ಚುಕಡಿಮೆ ಪದರದ ವಯಸ್ಸು. ನ್ಯೂಫೌಂಡ್‌ಲ್ಯಾಂಡಿನ ಮಿಸ್ಟೇಕನ್ ಪಾಯಿಂಟ್‌ನಲ್ಲಿ ಬೂದಿ ಜೀವಿಗಳ ಮೇಲೆಯೇ ಬಿದ್ದಿದೆ, ಅಲ್ಲಿ ಸಿಕ್ಕಿದ್ದು ಸುಮಾರು 56.5 ಕೋಟಿ. ಅಂಥ ಅದೃಷ್ಟ ಅಪರೂಪ. ಸಾಮಾನ್ಯವಾಗಿ ಮೇಲೊಂದು, ಕೆಳಗೊಂದು ಬೂದಿ ಪದರದ ನಡುವೆ ಪಳೆಯುಳಿಕೆಯನ್ನು ಸಿಕ್ಕಿಸಬೇಕು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ವಯಸ್ಸನ್ನು ನೇರ ಅಳೆಯಬಹುದು, ಆದರೆ ಲಾವಾದೊಳಗೆ ಪಳೆಯುಳಿಕೆ ಹುಡುಕಬೇಡಿ.

ಬೂದಿಯೇ ಇಲ್ಲದ ಕಡೆ ಸುಣ್ಣಕಲ್ಲಿನ ಇಂಗಾಲ ಬೇಕು. ಇಂಗಾಲ-13ರ (ಇಂಗಾಲದ ತುಸು ಭಾರದ ರೂಪ) ಪಾಲು ಕಾಲಕಾಲಕ್ಕೆ ಏರಿಳಿಯುತ್ತದೆ. ಒಮಾನಿನ ಶುರಾಮ್ ಪದರದಲ್ಲಿ ಅದು ಮಾನದಂಡಕ್ಕಿಂತ ಸಾವಿರಕ್ಕೆ 12ರಷ್ಟು ಇಳಿದಿದೆ; ಅಂಥದೇ ಕುಸಿತ ಚೀನಾ, ಆಸ್ಟ್ರೇಲಿಯಾಗಳಲ್ಲೂ ಇದೆ. ಆ ಕುಸಿತಕ್ಕೂ ಸ್ವಂತ ತಾರೀಕಿಲ್ಲ. ಎರಡು ಊರಿನ ಕಲ್ಲನ್ನು ಜೋಡಿಸುವ ಕೊಂಡಿ ಮಾತ್ರ ಅದು. ಮಾದರಿ ಕೊರೆಯುವಾಗ ಬಿಳಿ ಗೆರೆಗಳನ್ನು ಬಿಟ್ಟು ನಯವಾದ ಭಾಗದಿಂದ ಪುಡಿ ತೆಗೆಯಿರಿ. ಮ್ಯಾಂಗನೀಸ್ ಹೆಚ್ಚಿ ಸ್ಟ್ರಾಂಷಿಯಂ ಕಡಿಮೆಯಾಗಿದ್ದರೆ ಮಳೆನೀರು ಕಲ್ಲನ್ನು ಕೆಡಿಸಿರುವ ಸಂಭವ ಹೆಚ್ಚು.

ಇಷ್ಟೆಲ್ಲ ಲೆಕ್ಕಕ್ಕೂ ಮೊದಲು ಅಚ್ಚು ಪದರದ ಒಳಗಿದೆಯೋ, ಮೇಲೆ ಅಂಟಿದೆಯೋ ನೋಡಿ. ಭೀಮ್‌ಬೆಟ್ಕಾದ ಗುಹೆಯಲ್ಲಿ 2021ರಲ್ಲಿ ಡಿಕಿನ್ಸೋನಿಯಾ (ಎಡಿಯಾಕರನ್ ಕಾಲದ ಚಪ್ಪಟೆ ಜೀವಿ) ಎಂದು ವರದಿಯಾದದ್ದು ಕೊನೆಗೆ ಬಂಡೆಗೆ ಅಂಟಿ ಒಣಗಿದ ಹೆಜ್ಜೇನಿನ ಹುಟ್ಟು.